ಊದಬಾರದ ಧೂಳು

ಆಸ್ಪತ್ರೆಯಲ್ಲಿ ನನ್ನ ಹೆಸರು ಕೂಗಿದಾಗ ನಾನು ಅಲ್ಲಿಯೇ ಇದ್ದೆ. ಎರಡನೇ ಸಾಲಿನ ಕಬ್ಬಿಣದ ಕುರ್ಚಿಯಲ್ಲಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆಗೇ ಕಣ್ಣು ನೆಟ್ಟು ಕೂತಿದ್ದೆ. "ಮುನವಳ್ಳಿ ವಿಜಯಾ ಯಾರ್ರೀ?" ಎಂದಳು ಬಾಗಿಲಲ್ಲಿದ್ದ ಹುಡುಗಿ. ನಾನು "ಇಲ್ಲಿದ್ದೀನ್ರಿ" ಎಂದೆ. ಅಂದೆನೆಂದು ನನಗೆ ಅನ್ನಿಸಿತು ಅಷ್ಟೆ. ಬಾಯಿ ತೆರೆಯಿತು, ಗಾಳಿ ಹೊರಗೆ ಬಂತು, ಮಾತು ಬರಲಿಲ್ಲ. ಯಜಮಾನರು ಚಹಾ ತರಲು ಹೋಗಿದ್ದರು. ನಾನು ಚೀಲ ಸಾವರಿಸಿಕೊಂಡು ಏಳುವಷ್ಟರಲ್ಲಿ ಹುಡುಗಿ ಮುಂದಿನ ಹೆಸರು ಕೂಗಿಬಿಟ್ಟಿದ್ದಳು.

ನನ್ನ ಪಕ್ಕದಲ್ಲಿ ರಾಮದುರ್ಗದ ಕಡೆಯ ಒಬ್ಬ ಹೆಂಗಸು ಕೂತಿದ್ದರು. ಒಂದು ಗಂಟೆಯಿಂದ ತಮ್ಮ ಮಗನ ಗಂಟಲಿನ ಕಥೆಯನ್ನೆಲ್ಲ ನನಗೆ ಹೇಳಿದ್ದರು. ನಾನು ನಡುವೆ ಒಂದೂ ಮಾತಾಡದೆ ಕೇಳಿದ್ದಕ್ಕೆ ಅವರಿಗೆ ನನ್ನ ಮೇಲೆ ಬಹಳ ಪ್ರೀತಿ ಬಂದಿತ್ತು. ಅವರು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದರು.

"ಏ ತಂಗಿ, ಇಲ್ಲೇ ಅದಾರ ನೋಡ ಅವರು! ದನಿ ಹೋಗೇತಿ ಅಂತನ ಇಲ್ಲಿಗೆ ಬಂದಾರ. ಓ ಅನ್ರಿ ಅಂದ್ರ ಹೆಂಗ ಅಂತಾರ?"

ಅಲ್ಲಿ ಕೂತವರೆಲ್ಲ ನಕ್ಕರು. ನಾನೂ ನಕ್ಕೆ, ಸದ್ದಿಲ್ಲದೆ. ಆ ಹುಡುಗಿ ನಾಚಿಕೊಂಡು ನನ್ನನ್ನು ಒಳಗೆ ಬಿಟ್ಟಳು. ಹುಬ್ಬಳ್ಳಿಯ ಆ ದೊಡ್ಡ ಆಸ್ಪತ್ರೆಯಲ್ಲಿ ನನಗೆ ಸಿಕ್ಕ ಮೊದಲ ಉಪಕಾರ ಅದು. ಅವರ ಹೆಸರು ಕೇಳಬೇಕೆಂದುಕೊಂಡೆ. ಕೇಳಲು ದನಿ ಎಲ್ಲಿತ್ತು?

ಇದರಲ್ಲಿ ತಮಾಷೆ ಏನೆಂದರೆ, ಹತ್ತೊಂಬತ್ತು ವರ್ಷ ಹೆಸರು ಕೂಗುವ ಕೆಲಸ ಮಾಡಿದವಳು ನಾನೇ. ನಮ್ಮ ಕಡೆಯ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮು ನನ್ನ ಜಾಗ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಯಾವ ಊರಿನದೆಂದು ಮಾತ್ರ ಕೇಳಬೇಡಿ; ನನ್ನದಿನ್ನೂ ಆರು ವರ್ಷದ ಸರ್ವೀಸು ಬಾಕಿ ಇದೆ. ಹೊಲದ ಹಳೆಯ ಉತಾರ ಬೇಕು, ಅಜ್ಜನ ಕಾಲದಲ್ಲಿ ಆಸ್ತಿ ಪಾಲಾದ ವಾಟ್ನಿ ಕಾಗದ ಬೇಕು ಎಂದು ಬಂದವರು ಕಿಟಕಿಯ ಹೊರಗೆ ಕಾಯುತ್ತಾರೆ. ನಾನು ಕೆಂಪು ಬಟ್ಟೆಯ ಗಂಟು ಬಿಚ್ಚಿ, ಕಾಗದ ಹುಡುಕಿ, ಅವರ ಹೆಸರು ಹಿಡಿದು ಕೂಗುತ್ತೇನೆ. ಕೂಗಿದರೆ ಕಂಪೌಂಡಿನ ಆಚೆ ಚಹಾ ಕುಡಿಯುತ್ತ ನಿಂತವರೂ ಕಪ್ಪು ಕೆಳಗಿಟ್ಟು ಓಡಿ ಬರಬೇಕು. ಹಾಗಿತ್ತು ನನ್ನ ದನಿ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಆ ದನಿ ನನಗೆ ಬೇಕಾಗಿದ್ದು ಕಚೇರಿಗಾಗಿ ಅಲ್ಲ, ಶ್ರಾವಣಕ್ಕಾಗಿ. ನನ್ನ ತವರು ತೊರಗಲ್. ಅಪ್ಪ ಅಲ್ಲಿ ಶ್ರಾವಣ ಮಾಸವಿಡೀ ಸಂಜೆ ಪುರಾಣ ಓದುತ್ತಿದ್ದರು. ಅಪ್ಪನಿಗಿಂತ ಮುಂಚೆ ಅಜ್ಜ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅವರು ಹೋದ ಮೇಲೆ ಆ ದಪ್ಪ ಪುಸ್ತಕ ನನ್ನ ಜೊತೆ ಮುನವಳ್ಳಿಗೆ ಬಂತು. ಮೊದಮೊದಲು ಮನೆಯಲ್ಲಿ ಅತ್ತೆಯೊಬ್ಬರಿಗೇ ಓದುತ್ತಿದ್ದೆ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸೇರಿಕೊಂಡರು. ಪಡಸಾಲೆ ಸಾಲದೆ ಗುಡಿಗೆ ಹೋದೆವು. ಈಗ ಹನ್ನೊಂದು ಶ್ರಾವಣಗಳಿಂದ ಸಂಜೆಯ ಬಸ್ಸಿಳಿದು, ಕೈಕಾಲು ಮುಖ ತೊಳೆದು, ನೇರ ಗುಡಿಗೆ ಹೋಗುತ್ತೇನೆ. ಇಪ್ಪತ್ತು ಮೂವತ್ತು ಹೆಂಗಸರು ಗೋಡೆಯವರೆಗೆ ಸಾಲಾಗಿ ಕೂತಿರುತ್ತಾರೆ. ಕೊನೆಯ ಸಾಲಿನಲ್ಲಿ, ಕಂಬಕ್ಕೆ ಬೆನ್ನು ಕೊಟ್ಟು, ನಮ್ಮ ಎದುರುಮನೆಯ ನೀಲವ್ವ. ಆಕೆಗೆ ಕಿವಿ ಮಂದ. "ನಿಮ್ಮ ದನಿ ಒಂದ ನೋಡ್ರಿ ಬಾಯಾರ, ಕಂಬದಾಗಿಂದ ಹಾಯ್ದು ನನಗ ಮುಟ್ಟತೈತಿ" ಎನ್ನುತ್ತಿದ್ದಳು. ಆ ಮಾತಿಗಾಗಿಯೇ ನಾನು ಇನ್ನಷ್ಟು ಎತ್ತರಿಸಿ ಓದುತ್ತಿದ್ದೆ.

ಅಪ್ಪ ಕಲಿಸಿದ್ದು ಓದುವುದನ್ನು ಮಾತ್ರವಲ್ಲ. ಪುಸ್ತಕಕ್ಕೆ ಹೊಡೆಯಬಾರದು ಎಂಬುದನ್ನೂ ಕಲಿಸಿದ್ದರು. ಧೂಳು ಕೂತರೆ ಝಾಡಿಸಬಾರದು, ಬಟ್ಟೆಯಿಂದ ಬಡಿಯಬಾರದು. ಮುಖದ ಹತ್ತಿರ ಹಿಡಿದು ಮೆಲ್ಲಗೆ ಊದಬೇಕು, ಊದಿ ಕಣ್ಣಿಗೊತ್ತಿಕೊಳ್ಳಬೇಕು. ಆರು ವರ್ಷದವಳಿದ್ದಾಗ ಶಾಲೆಯ ಪುಸ್ತಕವನ್ನು ತೊಡೆಗೆ ಬಡಿದದ್ದಕ್ಕೆ ಅಪ್ಪ ಸಂಜೆಯವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದರು. ಅದು ರಕ್ತದಲ್ಲಿ ಇಳಿದುಹೋಯಿತು. ಕಚೇರಿಯ ಗಂಟುಗಳನ್ನೂ ನಾನು ಹಾಗೆಯೇ ನೋಡಿಕೊಂಡೆ. ಸರ್ಕಾರದ ಕಾಗದವಾದರೂ ಅಕ್ಷರ ಅಕ್ಷರವೇ ತಾನೇ? ನನಗಿಂತ ಮುಂಚೆ ಅಲ್ಲಿದ್ದವರು ಗಂಟುಗಳನ್ನು ನೆಲಕ್ಕೆ ಒಗೆದು ಧೂಳು ಬಿಡಿಸುತ್ತಿದ್ದರಂತೆ.

ನನ್ನ ದನಿ ಹೋದ ವರ್ಷ ಮಳೆ ಜಾಸ್ತಿ ಬಂತು. ರೆಕಾರ್ಡ್ ರೂಮಿನ ಮೂಲೆಯಲ್ಲಿ ಮಾಳಿಗೆ ಸೋರಿ ಒಂದು ರ್‍ಯಾಕು ಪೂರ್ತಿ ತೊಯ್ದಿತು. ಅದೇ ಹೊತ್ತಿಗೆ ಎಲ್ಲ ಹಳೆಯ ಕಾಗದಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಬೇಕೆಂಬ ಆದೇಶವೂ ಬಂತು. ನಾನು ನೌಕರಿಗೆ ಸೇರಿದಾಗಿನಿಂದ ಯಾರೂ ಬಿಚ್ಚದ ಗಂಟುಗಳನ್ನು ಬಿಚ್ಚಿದೆವು. ಒಳಗೆ ಬೂಷ್ಟು. ಕೆಲವು ಹಾಳೆಗಳ ಮೇಲೆ ಹಸಿರು, ಕೆಲವುಗಳ ಮೇಲೆ ಕರಿ, ಕೆಲವುಗಳ ಮೇಲೆ ಬಿಳಿ ಉಣ್ಣೆಯ ಹಾಗೆ. ಗೆದ್ದಲೂ ಇತ್ತು. ಒಂದು ಶನಿವಾರ ಯಾರೋ ಬಂದು ಹುಳಕ್ಕೆ ಹೊಡೆಯುವ ಎಣ್ಣೆಯನ್ನು ರ್‍ಯಾಕುಗಳಿಗೆಲ್ಲ ಸಿಂಪಡಿಸಿ, ಸಂದಿಗಳಿಗೆ ಪುಡಿ ಎರಚಿ, ಬಾಗಿಲು ಹಾಕಿಕೊಂಡು ಹೋದರು. ಸೋಮವಾರ ಬೀಗ ತೆಗೆದವಳು ನಾನು. ಕಣ್ಣು ಮೂಗು ಗಂಟಲು ಒಂದೇ ಸಲ ಉರಿದವು. ಹೊರಗೆ ಓಡಿ ಬಂದು ನೀರು ಕುಡಿದು ಮತ್ತೆ ಒಳಗೆ ಹೋದೆ. ಕಿಟಕಿ ತೆಗೆದರೆ ಮಳೆ ಒಳಗೆ ಬರುತ್ತದೆಂದು ಅದನ್ನೂ ತೆಗೆಯಲಿಲ್ಲ. ಒಂದೊಂದೇ ಹಾಳೆ ಎತ್ತಿ, ಅಪ್ಪ ಹೇಳಿದ ಹಾಗೆ ಮೆಲ್ಲಗೆ ಊದಿ, ಕಣ್ಣಿಗೊತ್ತಿ, ಸ್ಕ್ಯಾನ್ ಮಾಡುವವರ ಕೈಗೆ ಕೊಟ್ಟೆ. ಹೀಗೆ ಎರಡು ತಿಂಗಳು.

ದೀಪಾವಳಿಯ ಹೊತ್ತಿಗೆ ದನಿ ಒಡೆಯಿತು. ಎಲ್ಲರಿಗೂ ಆಗುತ್ತದಲ್ಲ, ಥಂಡಿ ಎಂದುಕೊಂಡೆ. ಅತ್ತೆ ಕರಿಮೆಣಸು ಕಲ್ಲುಸಕ್ಕರೆ ಕುಟ್ಟಿ ಕೊಟ್ಟರು, ಅರಿಶಿನ ಹಾಕಿದ ಹಾಲು ಕೊಟ್ಟರು, ಜೇಷ್ಠಮಧು ಬಾಯಲ್ಲಿಡಿಸಿದರು. ಊರಿನ ಡಾಕ್ಟರು ಗುಳಿಗೆ ಕೊಟ್ಟರು, ಆಮೇಲೆ ಬೇರೆ ಗುಳಿಗೆ ಕೊಟ್ಟರು. ದಿನ ಹೋದಂತೆ ಗಂಟಲಲ್ಲಿ ಒಂದು ಕಡ್ಡಿ ಅಡ್ಡ ನಿಂತಂತೆ ಆಯಿತು. ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಟ್ಟು ಒಳ್ಳೆಯ ಮಾತಾಡು ಎನ್ನುವ ಹೊತ್ತಿಗೆ ನನ್ನ ಬಾಯಲ್ಲಿ ಮಾತೇ ಉಳಿದಿರಲಿಲ್ಲ. ಕಚೇರಿಯಲ್ಲಿ ಟೇಬಲ್ಲಿಗೆ ಸ್ಟೀಲ್ ಲೋಟ ಬಡಿದು ಜನರನ್ನು ಕರೆಯತೊಡಗಿದೆ.

ನಮ್ಮ ಯಜಮಾನರದು ಮೋಟಾರು ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪುಸೆಟ್ಟುಗಳನ್ನು ಬಿಚ್ಚಿ ತಂತಿ ಸುತ್ತುವ ಮನುಷ್ಯ, ಮಾತು ಕಡಿಮೆ. ಒಂದು ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯದೆ ಮನೆಯಲ್ಲೇ ನಿಂತರು. "ನಡಿ ಹುಬ್ಬಳ್ಳಿಗೆ. ಹೊರಗಿಂದ ಎಷ್ಟ ಎಣ್ಣಿ ಬಿಟ್ರೂ ಉಪಯೋಗ ಇಲ್ಲ, ಬಿಚ್ಚಿ ನೋಡಬೇಕು" ಎಂದರು. ನನ್ನನ್ನು ಪಂಪುಸೆಟ್ಟಿಗೆ ಹೋಲಿಸಿದ್ದಕ್ಕೆ ಬಯ್ಯಬೇಕೆನಿಸಿತು. ಅದಕ್ಕೂ ದನಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಕೂತಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಮೂಗಿನಿಂದ ದುರ್ಬೀನು ಇಳಿಸಿ ಪರದೆಯ ಮೇಲೆ ತೋರಿಸಿದರು. ನನ್ನ ದನಿ ಹುಟ್ಟುವ ಜಾಗವನ್ನು ಅವತ್ತೇ ಮೊದಲು ನೋಡಿದ್ದು. ಕೆಂಪಗೆ ಊದಿಕೊಂಡ ಎರಡು ಪಟ್ಟಿಗಳು, ಅವುಗಳ ಮೇಲೆ ಬೆಳ್ಳಗೆ ಏನೋ ಹರಡಿದೆ. ಡಾಕ್ಟರು ಆ ಚಿತ್ರವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದರು.

"ಒಂದು ತುಣುಕು ತಗದು ಪರೀಕ್ಷಾಕ್ಕ ಕಳಸೋಣ್ರಿ. ಹತ್ತು ದಿನದಾಗ ರಿಪೋರ್ಟ್ ಬರ್ತದ. ಈಗ ಏನೂ ವಿಚಾರ ಮಾಡಬ್ಯಾಡ್ರಿ."

ವಿಚಾರ ಮಾಡಬೇಡಿ ಎಂದರೆ ಯಾರಾದರೂ ಮಾಡದೆ ಇರುತ್ತಾರೆಯೇ? ಮೂರು ದಿನ ಬಿಟ್ಟು ಮತ್ತೆ ಹೋಗಿ ತುಣುಕು ತೆಗೆಸಿಕೊಂಡು ಬಂದೆವು. ಆ ಹತ್ತು ದಿನ ನಾನು ಸತ್ತು ಸತ್ತು ಬದುಕಿದೆ. ಆ ರೋಗದ ಹೆಸರನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅತ್ತೆ ದೇವರ ಮುಂದೆ ತುಪ್ಪದ ದೀಪ ಹಚ್ಚಿ ಇಡೀ ದಿನ ಅದಕ್ಕೆ ತುಪ್ಪ ಹಾಕುತ್ತಲೇ ಇದ್ದರು. ಯಜಮಾನರು ಅಡುಗೆಮನೆಯ ಮಿಕ್ಸರು, ಪಕ್ಕದ ಮನೆಯ ಫ್ಯಾನು, ಕೆಟ್ಟಿರದ ಇಸ್ತ್ರಿಪೆಟ್ಟಿಗೆ ಎಲ್ಲವನ್ನೂ ಬಿಚ್ಚಿ ರಿಪೇರಿ ಮಾಡಿದರು. ನನಗೆ ಸಾವಿನ ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದಕ್ಕಿಂತ ಹತ್ತಿರದ ಹೆದರಿಕೆ ಇನ್ನೊಂದಿತ್ತು: ಬದುಕಿ ಉಳಿದು, ಶ್ರಾವಣ ಬಂದು, ಪುಸ್ತಕ ತೆರೆದು ಕೂತಾಗ ಬಾಯಿಂದ ಗಾಳಿ ಮಾತ್ರ ಬಂದರೆ? ಅಜ್ಜನಿಂದ ಬಂದದ್ದು ನನ್ನಲ್ಲೇ ನಿಂತುಹೋದರೆ? ಅದನ್ನು ನೆನೆದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಅಳುವಿಗೂ ಸದ್ದಿರಲಿಲ್ಲ.

ಹನ್ನೊಂದನೇ ದಿನ ಡಾಕ್ಟರು ರಿಪೋರ್ಟು ಓದಿ ಮೊದಲು ನಕ್ಕರು, ಆಮೇಲೆ ಮಾತಾಡಿದರು. ಆ ಕ್ರಮಕ್ಕಾಗಿ ನಾನು ಅವರಿಗೆ ಜನ್ಮವಿಡೀ ಋಣಿ.

"ನೀವು ಹೆದರಿದ್ದು ಅಲ್ರಿ ಇದು. ಬೂಷ್ಟು ಹತ್ತ್ಯದ."

ಯಜಮಾನರು ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದು, "ಬೂಷ್ಟು? ರೊಟ್ಟಿಗೆ ಹತ್ತೂದು?" ಎಂದರು.

"ಹೂಂ, ಅದರ ಬಳಗದ್ದ. ಮೊದಲ ಎಂಥದೋ ಘಾಟಿಗೆ ಗಂಟಲಾ ಸುಟ್ಟಂಗ ಕಾಣಸ್ತದ, ಅದರ ಮ್ಯಾಲ ಇದು ಬೆಳದದ. ಏನ್ ಕೆಲಸಾ ಮಾಡ್ತಾರ್ರಿ ಇವರು?"

ನನ್ನ ಕೆಲಸ, ರೂಮಿಗೆ ಹೊಡೆದ ಹುಳದೆಣ್ಣೆ, ಜೊತೆಯವರಿಗೆ ಬಂದು ಹೋದ ಕೆಮ್ಮು, ಎಲ್ಲವನ್ನೂ ಯಜಮಾನರು ಹೇಳಿದರು. ಡಾಕ್ಟರಿಗೆ ಸಮಾಧಾನವಾಗಲಿಲ್ಲ. ಆ ರೂಮಿನಲ್ಲಿ ಇನ್ನೂ ಮೂರು ಜನ ಇದ್ದಾರಲ್ಲ, ಅವರಿಗೆ ಕೆಮ್ಮು ಬಂದು ಹೋಯಿತು, ನಿಮಗೊಬ್ಬರಿಗೇ ಯಾಕೆ ಇಷ್ಟು ಎಂದರು. ತಮ್ಮ ಟೇಬಲ್ಲಿನ ದೊಡ್ಡ ರಿಜಿಸ್ಟರನ್ನು ನನ್ನ ಮುಂದೆ ಸರಿಸಿ, "ಇದು ನಿಮ್ಮ ದಫ್ತರ ಅಂತ ತಿಳೀರಿ. ಹೆಂಗ ತಗೀತೀರಿ, ಮಾಡಿ ತೋರಸ್ರಿ" ಎಂದರು.

ನಾನು ಎರಡೂ ಕೈಯಿಂದ ರಿಜಿಸ್ಟರು ಎತ್ತಿದೆ. ಮುಖದ ಹತ್ತಿರ ತಂದೆ. ಎದೆ ತುಂಬ ಉಸಿರೆಳೆದುಕೊಂಡು ಮೆಲ್ಲಗೆ, ಉದ್ದಕ್ಕೆ, ಅಂಚಿನಿಂದ ಅಂಚಿನವರೆಗೆ ಊದಿದೆ. ಕಣ್ಣಿಗೊತ್ತಿಕೊಂಡು ಕೆಳಗಿಟ್ಟೆ. ಡಾಕ್ಟರು ತಲೆಯ ಮೇಲೆ ಕೈಹೊತ್ತು ಕೂತಿದ್ದರು.

"ಊದೂಕ್ಕಿಂತ ಮೊದಲ ಉಸಿರು ಎಳಕೊಂಡ್ರಲ್ಲಾ, ಅದು ಎಲ್ಲಿಂದ ಬಂತ್ರಿ? ಆ ಪುಸ್ತಕದ ಮ್ಯಾಲಿಂದನ ಬಂತಲ್ಲ? ದಿನಾ ಎಷ್ಟು ಸಲ ಹಿಂಗ?"

ದಿನಕ್ಕೆ ಎಷ್ಟು ಹಾಳೆಯೋ ಅಷ್ಟು ಸಲ. ಯಜಮಾನರು ನನ್ನ ಕಡೆ ನೋಡಿದರು, ನಾನು ನೆಲ ನೋಡಿದೆ.

ಬರುವಾಗ ಬಸ್ಸಿನಲ್ಲಿ ನನಗೆ ಅಪ್ಪನ ಮೇಲೆ ಸಿಟ್ಟು ಬಂತು. ತೀರಿಹೋದವರ ಮೇಲೆ ಸಿಟ್ಟು ಮಾಡಬಾರದು, ಆದರೂ ಬಂತು. ನೀನು ಕಲಿಸಿದ್ದೇ ನನ್ನ ಗಂಟಲು ತಿಂದಿತಲ್ಲಪ್ಪ ಎಂದು ಧಾರವಾಡ ದಾಟುವವರೆಗೆ ಮನಸ್ಸಿನಲ್ಲೇ ಜಗಳವಾಡಿದೆ. ಆಮೇಲೆ ತೊರಗಲ್ಲಿನ ಮನೆ ನೆನಪಾಯಿತು. ಅಪ್ಪನ ಪುಸ್ತಕಗಳು ದಿನಾ ತೆರೆದುಕೊಳ್ಳುತ್ತಿದ್ದವು. ಬೇಸಿಗೆಗೆ ಒಂದು ಸಲ ಅಷ್ಟನ್ನೂ ಮಾಳಿಗೆಯ ಮೇಲೆ ಬಿಳಿ ಧೋತರ ಹಾಸಿ ಬಿಸಿಲಿಗೆ ಇಡುತ್ತಿದ್ದರು. ಹಾಳೆ ಹಾರದಂತೆ ಕಾಯುವ ಕೆಲಸ ನನ್ನದು. ಅವರು ಊದುತ್ತಿದ್ದುದು ನಿನ್ನೆಯ ಧೂಳನ್ನು. ನಾನು ಊದಿದ್ದು ನನ್ನ ವಯಸ್ಸಿಗಿಂತ ಹಳೆಯದಾದ ಕೊಳೆಯನ್ನು, ಅದರ ಮೇಲೆ ವಿಷ ಬೇರೆ. ಅಪ್ಪ ಅರ್ಧ ಮಾತ್ರ ಬಾಯಲ್ಲಿ ಹೇಳಿದ್ದರು, ಉಳಿದರ್ಧ ಮಾಡಿ ತೋರಿಸಿದ್ದರು. ನಾನು ಹೇಳಿದ್ದನ್ನು ಮಾತ್ರ ಹಿಡಿದುಕೊಂಡಿದ್ದೆ. ಮನೆ ಮುಟ್ಟುವ ಹೊತ್ತಿಗೆ ಸಿಟ್ಟು ಇಳಿದಿತ್ತು.

ಔಷಧದ ಜೊತೆ ಡಾಕ್ಟರು ಇನ್ನೊಂದು ಹೇಳಿದ್ದರು: ಮೂರು ವಾರ ಒಂದೂ ಮಾತಾಡಕೂಡದು. ಪಿಸುಮಾತೂ ಇಲ್ಲ. ಕಚೇರಿಗೆ ರಜೆ ಹಾಕಿದೆ. ಕೈಗೆ ಪಾಟಿ, ಬಳಪ ಬಂತು. ಮಾರನೆಯ ಬೆಳಿಗ್ಗೆ ನೀಲವ್ವ ಮೊಸರು ಕೇಳಲು ಬಂದಳು. ನಾನು ಪಾಟಿಗೆ ಕೈ ಹಾಕುವ ಮೊದಲೇ ಅತ್ತೆ ಅಡ್ಡ ಬಂದು ನಿಂತರು.

"ವಿಜಯಾ ಮೌನವ್ರತ ಹಿಡದಾಳ. ಮೂರು ವಾರ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಸುಳ್ಳು ಹೇಳಿದರೆ ನಾಲಿಗೆ ಸೀಳುತ್ತದೆಂದು ನಂಬಿದ ಹೆಂಗಸು! ನೀಲವ್ವ ಹೋದ ಮೇಲೆ ಪಾಟಿಯ ಮೇಲೆ "ಯಾಕೆ?" ಎಂದು ದೊಡ್ಡದಾಗಿ ಬರೆದು ತೋರಿಸಿದೆ. ಅತ್ತೆ ಕಣ್ಣೊರೆಸಿಕೊಂಡರು. "ಗಂಟಲಾ ಅಂದ್ರ ಮಂದಿ ಆ ರೋಗದ ಹೆಸರ ತಗೀತಾರ. ನನಗ ಆ ಹೆಸರು ಕೇಳ್ಲಿಕ್ಕೆ ಆಗೂದಿಲ್ಲವ್ವಾ" ಎಂದರು. ಹತ್ತು ದಿನ ಅವರು ತುಪ್ಪ ಹಾಕುತ್ತ ಕೂತಿದ್ದು ನೆನಪಾಗಿ ನಾನು ಪಾಟಿ ಒರೆಸಿದೆ.

ಆಮೇಲೆ ಶುರುವಾಯಿತು ನೋಡಿ. ಪುರಾಣ ಓದುವ ಬಾಯಾರು ಮೌನ ಹಿಡಿದಿದ್ದಾರೆಂದು ಓಣಿಯೆಲ್ಲ ಸುದ್ದಿ. ಒಬ್ಬರು ಹೂವು ತಂದರು, ಇನ್ನೊಬ್ಬರು ತೆಂಗಿನಕಾಯಿ. ನನಗಿಂತ ದೊಡ್ಡವರು ಕಾಲು ಮುಟ್ಟಲು ಬಂದರೆ ನಾನು ಹಿಂದೆ ಹಿಂದೆ ಸರಿದು ಗೋಡೆಗೆ ತಾಗುತ್ತಿದ್ದೆ. ಸಂಗೊಳ್ಳಿಯಿಂದ ಮಗಳ ಮನೆಗೆ ಬಂದಿದ್ದ ಒಬ್ಬ ಹೆಂಗಸು ಮುಂದೆ ಕೂತು, "ನನ್ನ ಮಗಗ ಈ ವರ್ಷರ ಹೆಣ್ಣು ಸಿಗತೈತಿಲ್ರಿ? ನೀವು ಮಾತಾಡಬ್ಯಾಡ್ರಿ, ಗೋಣ ಹಾಕ್ರಿ ಸಾಕು" ಎಂದಳು. ಇಲ್ಲ ಎನ್ನಲು ನಾನ್ಯಾರು? ಹೌದೆಂದು ಗೋಣು ಹಾಕಿದೆ. ಎರಡು ತಿಂಗಳಿಗೆ ಬೈಲಹೊಂಗಲದಲ್ಲಿ ಹೆಣ್ಣು ಗೊತ್ತಾಗಿ ಪೇಢೆ ಬಂತು. ಯಜಮಾನರು ಪೇಢೆ ತಿನ್ನುತ್ತ, "ಅಂಗಡಿ ಮುಂದ ನಿನ್ನ ಕುಂಡರಸ್ತೀನಿ, ಸುಟ್ಟ ಮೋಟಾರಿಗೆ ಗೋಣ ಹಾಕು" ಎಂದರು. ನಾನು ಸುಮ್ಮನಿದ್ದ ಆ ಮೂರು ವಾರದಲ್ಲಿ ಅವರು ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆಡದಷ್ಟು ಮಾತಾಡಿದರು. ಅಂಗಡಿಯಲ್ಲಿ ದಿನಾ ಏನಾಗುತ್ತದೆಂದು ನನಗೆ ಗೊತ್ತಾದದ್ದೇ ಆಗ. ನಿಜ ಹೇಳಬೇಕೆಂದರೆ ಬಹಳ ಸುಖವಾಗಿತ್ತು.

ಮೂರು ವಾರ ಮುಗಿದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ದನಿಯ ಕಸರತ್ತು ಮಾಡಿಸುವ ಒಬ್ಬ ಹುಡುಗಿ ನನಗೆ ಮಾತು ಕಲಿಸಿದಳು. ಮೂಗಿನಲ್ಲಿ ಮ್ ಎನ್ನುವುದು, ತುಟಿ ಅದುರಿಸುವುದು, ಸಣ್ಣ ಮಕ್ಕಳು ಮಾಡುವುದನ್ನೆಲ್ಲ ಮಾಡಿಸಿದಳು. ದನಿ ಬಂತು. ಬಂದದ್ದು ಬೇರೆಯೇ ದನಿ; ಸ್ವಲ್ಪ ಒರಟು, ಸ್ವಲ್ಪ ಕೆಳಗೆ. "ಹಿಂದಿನಂಗ ಒದರ್ಲಿಕ್ಕೆ ಆಗೂದಿಲ್ರಿ ಇನ್ನ. ಒದರಿದ್ರ ಇದೂ ಹೋಗ್ತದ" ಎಂದರು ಡಾಕ್ಟರು. ಮೊದಲ ದಿನ ಕೇಳಿ ದುಃಖವಾಯಿತು. ಎರಡನೆಯ ದಿನ ಬೆಳಿಗ್ಗೆ ಹಾಲಿನವನಿಗೆ "ಅರ್ಧ ಲೀಟರ್ ಸಾಕಪ್ಪ" ಎಂದೆ, ಅವನು ಅರ್ಧ ಲೀಟರೇ ಹಾಕಿದ. ಮಾತಾಡಿದರೆ ಕೇಳಿಸುತ್ತದೆ ಎಂಬುದೇ ಹಬ್ಬದಂತೆ ಅನ್ನಿಸಿತು.

ಕಚೇರಿಯಲ್ಲಿ ಬೇರೆ ಟೇಬಲ್ಲು ಕೊಡುತ್ತೇವೆ ಎಂದರು ಸಾಹೇಬರು. ಬೇಡವೆಂದೆ, ಯಾವ ಊರಿನ ಕಾಗದ ಎಲ್ಲಿದೆ ಎಂದು ನನ್ನನ್ನು ಬಿಟ್ಟರೆ ಗೋಡೆಗೆ ಮಾತ್ರ ಗೊತ್ತು. ಡಾಕ್ಟರ ಚೀಟಿ ತೋರಿಸಿದೆ. ಸೋರುವ ಮಾಳಿಗೆ ರಿಪೇರಿಯಾಯಿತು, ಬೂಷ್ಟು ಹತ್ತಿದ ರ್‍ಯಾಕು ಹೊರಗೆ ಹೋಯಿತು. ಒಂದು ಭಾನುವಾರ ಸಾಹೇಬರ ಪರವಾನಗಿ ಪಡೆದು ಯಜಮಾನರೇ ಬಂದು ಗಾಳಿ ಹೊರಗೆ ತಳ್ಳುವ ದೊಡ್ಡ ಫ್ಯಾನು ಕೂಡಿಸಿದರು. ನಾನು ಮೂಗು ಬಾಯಿಗೆ ಮಾಸ್ಕು ಕಟ್ಟಿ, ಬಣ್ಣ ಹಚ್ಚುವ ಮೆತ್ತನೆ ಬ್ರಶ್ಶಿನಿಂದ ಧೂಳು ತೆಗೆಯುವುದನ್ನು ಕಲಿತೆ. ಹೆಸರು ಕೂಗುವ ಬದಲು ಬಾರಿಸಲು ಒಂದು ಗಂಟೆ ತಂದಿಟ್ಟಿದ್ದೇನೆ. ಜನ ಗುಡಿಗೆ ಬಂದಂತಾಯಿತು ಎಂದು ನಗುತ್ತಾರೆ.

ಶ್ರಾವಣದ ಮೊದಲ ಸೋಮವಾರ ಬಂತು. ಬಸ್ಸಿಳಿದು, ಕೈಕಾಲು ಮುಖ ತೊಳೆದು, ಪುಸ್ತಕ ಹಿಡಿದು ಹೊರಟೆ. ಗುಡಿಯಲ್ಲಿ ಎಂದಿನಂತೆ ಸಾಲುಸಾಲಾಗಿ ಹೆಂಗಸರು, ಮುಂದಿನ ಸಾಲಿನಲ್ಲಿ ಅತ್ತೆ, ಕೊನೆಯಲ್ಲಿ ಕಂಬಕ್ಕೆ ಒರಗಿ ನೀಲವ್ವ. ಪುಸ್ತಕ ಬಿಚ್ಚುವ ಮೊದಲು ಒಂದು ಮಾತು ಹೇಳಲೇಬೇಕೆಂದು ನಿಶ್ಚಯಿಸಿಕೊಂಡಿದ್ದೆ. ದೇವರ ಮುಂದೆ ಕೂತು ಸುಳ್ಳಿನ ಪೂಜೆ ಇಟ್ಟುಕೊಳ್ಳಲಾಗದು.

"ನಾ ಹಿಡದದ್ದು ವ್ರತ ಅಲ್ರಿ. ಗಂಟಲಾ ಕೆಟ್ಟಿತ್ತು. ಡಾಕ್ಟರು ಮಾತಾಡಬ್ಯಾಡ ಅಂದಿದ್ರು. ನೀವು ನನ್ನ ಕಾಲು ಮುಟ್ಟಿದ್ದು, ಕಾಯಿ ತಂದದ್ದು ಎಲ್ಲಾ ಸುಮ್ಮನ ಆತು. ತಪ್ಪಾತು."

ಅತ್ತೆ ತಲೆ ತಗ್ಗಿಸಿದರು. ನನ್ನ ಮಾತು ನೀಲವ್ವನಿಗೆ ಕೇಳಿಸಿರಲಿಲ್ಲ. ಪಕ್ಕದವಳು ಕಿವಿಯಲ್ಲಿ ಹೇಳಿದಳು. ನೀಲವ್ವ ಜೋರಾಗಿ ನಕ್ಕಳು.

"ಅಯ್ಯ, ನಮಗ ಗೊತ್ತಿತ್ತ ಬಿಡ್ರಿ! ದನಿ ಹೋಗಿದ್ದು ದೀಪಾವಳ್ಯಾಗ, ಕಂಡಿದ್ದಿಲ್ಲೇನು ನಾವು? ನಿಮ್ಮತ್ತಿಯವರ ಮಾರಿ ನೋಡಿದ್ರ ಕುಡ್ಡರಿಗೂ ತಿಳೀತಿತ್ತು. ಆ ಸಂಗೊಳ್ಳ್ಯಾಕಿ ಒಬ್ಬಾಕಿ ಖರೇ ಅಂತ ನಂಬಿದ್ಲು. ನಾವು ಜಡ್ಡು ಬಿದ್ದವರನ್ನ ನೋಡಾಕ ಬಂದಂಗ ಬರಬಾರದಲ್ಲ, ಅದಕ ಕಾಯಿ ಹಿಡಕೊಂಡು ಬಂದಿವಿ."

ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಡಲು ತಲೆ ಬಗ್ಗಿಸಿ ಪುಸ್ತಕದ ವಸ್ತ್ರ ಬಿಚ್ಚಿದೆ. ವರ್ಷದ ಧೂಳು ತೆಳ್ಳಗೆ ಕೂತಿತ್ತು. ಕೈಗಳು ತಾವಾಗಿಯೇ ಪುಸ್ತಕವನ್ನು ಮುಖದ ಹತ್ತಿರ ತಂದವು. ಎದೆ ತಾನಾಗಿಯೇ ಉಸಿರು ತುಂಬಿಕೊಳ್ಳಲು ಹೊರಟಿತು.

"ಊದಬ್ಯಾಡ!" ಎಂದು ಅತ್ತೆ ಕಿರುಚಿದರು. ಆ ವಯಸ್ಸಿನ ಗಂಟಲಲ್ಲಿ ಅಷ್ಟು ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಸೊಂಟದಿಂದ ಒಂದು ಚಿಕ್ಕ ಬ್ರಶ್ಶು ತೆಗೆದು ನನ್ನ ಕೈಗೆ ಕೊಟ್ಟರು. ಹೊಸದು. ಹಿಡಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಮನೆಯ ದೇವರ ಮುಂದೆ ಇಟ್ಟು ಪೂಜೆ ಮಾಡಿಯೇ ತಂದಿದ್ದರು.

ನಾನು ಅಪ್ಪನ ಪುಸ್ತಕವನ್ನು ಅಂಚಿನಿಂದ ಅಂಚಿಗೆ ಬ್ರಶ್ಶಿನಿಂದ ತೀಡಿದೆ. ಕಣ್ಣಿಗೊತ್ತಿಕೊಂಡೆ. ಮೊದಲ ಸಾಲು ಓದಿದೆ. ದನಿ ಬಂತು, ಆದರೆ ಮೂರನೆಯ ಸಾಲಿನ ಹೆಂಗಸರು ಕಿವಿಗೆ ಕೈ ಹಿಡಿದದ್ದು ಕಂಡಿತು. ಇನ್ನಷ್ಟು ಎತ್ತರಿಸಲು ಹೋಗಿ ಡಾಕ್ಟರ ಮಾತು ನೆನಪಾಗಿ ನಿಲ್ಲಿಸಿದೆ.

ಕಂಬದ ಹತ್ತಿರ ನೀಲವ್ವ ಮೊಣಕಾಲಿಗೆ ಕೈ ಕೊಟ್ಟು ಎದ್ದಳು. ತನ್ನ ಚಾಪೆ ಸುತ್ತಿ ಬಗಲಲ್ಲಿಟ್ಟುಕೊಂಡು, ಸಾಲುಗಳ ನಡುವೆ ದಾರಿ ಮಾಡಿಕೊಂಡು ಬಂದು, ನನ್ನ ಎದುರಿಗೇ ಹಾಸಿ ಕೂತಳು. ಅವಳ ಹಿಂದೆ ಇನ್ನೊಬ್ಬರು ಎದ್ದರು. ಆಮೇಲೆ ಎಲ್ಲರೂ. ಸಾಲುಗಳು ಕಳಚಿ ನನ್ನ ಸುತ್ತ ಒಂದೇ ಗುಂಪಾಯಿತು. ನೀಲವ್ವನ ಮೊಣಕಾಲು ಪುಸ್ತಕದ ವ್ಯಾಸಪೀಠಕ್ಕೆ ತಾಗುತ್ತಿತ್ತು.

"ಹೂಂ, ಓದ್ರಿ" ಎಂದಳು.

ಎರಡನೆಯ ಸಾಲು ಓದಿದೆ. ಎಲ್ಲರಿಗೂ ಕೇಳಿಸಿತು.